ಗಿಂಡಿ ಹಿಡಿದ ಹೆಬ್ಬೆರಳು

ಗಡಿಯೂರು ಬಾವಲಿಯ ಕಮಲಾವತಿಗೆ ಸಿಟ್ಟು ಬರಲು ಕಾರಣ ಬೇಕಿರಲಿಲ್ಲ. ಆ ವರ್ಷ ಕಾರಣಗಳೂ ಧಾರಾಳವಾಗಿ ಸಿಕ್ಕಿದ್ದವು. ಕಾಡಿನಲ್ಲಿ ಮಾವೋವಾದಿಗಳಿದ್ದಾರೆಂದು ಪೊಲೀಸರು ಕಂಡಕಂಡಲ್ಲಿ ಬಸ್ಸು ನಿಲ್ಲಿಸುತ್ತಿದ್ದರು. ಇತ್ತ ಹೊಲದ ಕೆಲಸಕ್ಕೆ ಬರುತ್ತಿದ್ದ ಹೆಂಗಸರೆಲ್ಲ ತುಂಡು ಭೂಮಿ ಕೇಳುವ ಭೂಸಮರಕ್ಕೆಂದು ಹೋಗಿ, ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡು ಕೂತಿದ್ದರು.

"ಹೋಗೋದಾದ್ರೆ ಶುಂಠಿ ಕಿತ್ತುಕೊಟ್ಟು ಹೋಗೇ" ಎಂದು ಕಮಲಾವತಿ ಕೂಲಿಯ ಚೀರುವಿನ ಮೇಲೆ ರೇಗಿದಳು.

"ನಿಮ್ಮ ಶುಂಠಿ ಕಿತ್ತೂ ಕಿತ್ತೂ ನಮ್ಮಮ್ಮ ಸತ್ತಳು ಗೌಡ್ತೀ. ಹೂಳೋಕೆ ಜಾಗ ಇಲ್ದೆ ಗುಡಿಸಲ ಹಿಂದೇನೇ ಗುಂಡಿ ತೋಡಿದ್ವಿ. ಈ ಸಲ ನೀವೇ ಕೀಳಿ, ಮಣ್ಣು ಮೆತ್ತಗಿದೆ" ಎಂದು ಚೀರು ನಡೆದೇಬಿಟ್ಟಳು.

ಮಣ್ಣು ಮೆತ್ತಗಿರಲಿಲ್ಲ. ಗಂಡ ಜಿನದತ್ತನಿಗೆ ಶುಂಠಿ ಕೊಯ್ಲಿಗೆ ಸರಿಯಾಗಿ ಸೊಂಟ ನೋವು ಬರುವ ಅಭ್ಯಾಸವಿತ್ತು. ಅವನು ಬದುವಿನ ಮೇಲೆ ಕೂತು ಸಲಹೆ ಕೊಟ್ಟ, ಕಮಲಾವತಿ ಕಿತ್ತಳು. ಕೊಯ್ಲು ಮುಗಿಯುವ ಹೊತ್ತಿಗೆ ಅವಳ ಉಗುರುಗಳು ಸವೆದು, ಸೀಳಿ, ಸುತ್ತಲೂ ಕಪ್ಪು ಕಟ್ಟಿಕೊಂಡಿದ್ದವು. ನಿಂಬೆಹಣ್ಣು, ಹುಣಸೆಹಣ್ಣು, ಬೂದಿ ಯಾವುದಕ್ಕೂ ಆ ಕಪ್ಪು ಜಗ್ಗಲಿಲ್ಲ.

ಅದೇ ವಾರ ದಿಗಂಬರ ಮುನಿಯೊಬ್ಬರು ಮೈಸೂರು ಕಡೆಯಿಂದ ನಡೆದುಕೊಂಡು ಬಾವಲಿ ದಾಟಿದರು. ಚೆಕ್‌ಪೋಸ್ಟಿನಲ್ಲಿ ಬಂದವರ ಚೀಲವನ್ನೆಲ್ಲ ಕೊಡವಿ ನೋಡುತ್ತಿದ್ದ ಪೊಲೀಸರು ಮುನಿಗಳ ಮುಂದೆ ಕೈಕಟ್ಟಿ ನಿಂತುಬಿಟ್ಟರು. ಕೈಯಲ್ಲೊಂದು ನವಿಲುಗರಿಯ ಪಿಂಛಿ, ಇನ್ನೊಂದರಲ್ಲಿ ಕಮಂಡಲು. ಮೈಮೇಲೆ ನೂಲಿನ ಎಳೆಯಿಲ್ಲ. ಆ ವರ್ಷ ಆ ಗೇಟಿನಲ್ಲಿ ಬಚ್ಚಿಡಲು ಏನೂ ಇಲ್ಲದೆ ದಾಟಿದವರು ಅವರೊಬ್ಬರೇ ಇರಬೇಕು. ಕಮಲಾವತಿ ರಸ್ತೆಬದಿಯಲ್ಲೇ ಅಡ್ಡಬಿದ್ದಳು. ಮುನಿಗಳಿಗೆ ಅಂದು ಉಪವಾಸ. ಮರುದಿನವೂ ನಡಿಗೆ, ಉಪವಾಸ. ಆಮೇಲೆ ಮಾನಂತವಾಡಿಯಲ್ಲಿ ಆಹಾರ ಎಂದು ಗೊತ್ತಾಯಿತು. ಅಲ್ಲಿ ಬಸದಿಯ ಹತ್ತಿರವೇ ನಾದಿನಿ ವಿಮಲಳ ಮನೆ.

ಕಮಲಾವತಿಗೆ ಹಳೆಯ ಆಸೆ ಎದ್ದಿತು. ಹಿಂದೆ ಒಮ್ಮೆ ಹೀಗೇ ಬಂದ ಮುನಿಗಳ ಬೊಗಸೆಗೆ ಅವಳ ಅತ್ತೆ ಬೆಳ್ಳಿಯ ಗಿಂಡಿಯಿಂದ ಹಾಲೆರೆದಿದ್ದಳು. ಅತ್ತೆ ಬದುಕಿರುವವರೆಗೂ ಆ ಮಾತು ಹೇಳಿದಳು, ಸತ್ತ ಮೇಲೆ ಊರು ಹೇಳಿತು. ಈಗ ಆ ಗಿಂಡಿ ಕಮಲಾವತಿಯ ಪೆಟ್ಟಿಗೆಯಲ್ಲಿತ್ತು. ಜೀವಮಾನದಲ್ಲಿ ಒಂದು ಸಲ ತಾನೂ ಎರೆಯಬೇಕು. ಅಷ್ಟೇ ಅವಳ ಆಸೆ.

ವಿಮಲಳ ಫೋನು ಬಂತು. "ಅತ್ತಿಗೆ, ಗಿಂಡಿ ತನ್ನಿ. ಎರೆಯೋದು ನಾನು ಎರೀತೀನಿ. ಶುಂಠಿ ಕಿತ್ತಿದ್ದೀರಂತೆ, ನಿಮ್ಮ ಕೈ ನೀವೇ ನೋಡ್ಕೊಳ್ಳಿ. ಪೇಟೆ ಜನ ಎಲ್ಲ ಬರ್ತಾರೆ, ಗೌಡರ ಮನೇಲಿ ಕೂಲಿಯವರ ಕೈಲಿ ಎರೆಸಿದ್ರು ಅಂದ್ಕೋಬಾರದು ನೋಡಿ."

ವಿಮಲಳ ಉಗುರುಗಳು ಬಾದಾಮಿಯ ಹಾಗೆ ಉದ್ದಕ್ಕೆ, ನುಣ್ಣಗೆ ಬೆಳೆದಿದ್ದವು. ಮಾತಾಡುವಾಗ ಕೈ ಮುಂದೆ ಮಾಡಿಯೇ ಮಾತಾಡುವವಳು. ಕಮಲಾವತಿ ಫೋನು ಕುಕ್ಕಿದಳು.

ಮೈಸೂರಿನ ಹಾಸ್ಟೆಲಿನಿಂದ ರಜೆಗೆ ಬಂದಿದ್ದ ಮಗಳು ಪದ್ಮಿನಿ ಒಂದು ಪೊಟ್ಟಣ ಬಿಚ್ಚಿದಳು. ಅಂಟಿಸಿಕೊಳ್ಳುವ ಪ್ಲಾಸ್ಟಿಕ್ ಉಗುರುಗಳು, ತಿಳಿಗುಲಾಬಿ ಬಣ್ಣ, ಜೊತೆಗೊಂದು ಅಂಟಿನ ಟ್ಯೂಬು. "ಬಸ್ಸಲ್ಲಿ, ವಿಮಲತ್ತೆ ಮನೇಲಿ ಹಾಕ್ಕೊಂಡಿರಮ್ಮ. ಎಲ್ಲರೂ ಒಂದ್ಸಲ ನೋಡ್ಲಿ. ಬೆಳಿಗ್ಗೆ ಬಿಸಿನೀರಲ್ಲಿ ನೆನೆಸಿದ್ರೆ ಬಿಟ್ಕೊಳ್ಳುತ್ತೆ."

"ಇದು ಮುನಿಗಳಿಗೆ ಮೋಸ ಆಗಲ್ವೇನೇ?"

"ಮುನಿಗಳಿಗಲ್ಲ, ಅತ್ತೆಗೆ."

ಈ ಉತ್ತರ ಕಮಲಾವತಿಗೆ ಧರ್ಮಸಮ್ಮತವೆನಿಸಿತು.

ಬಸ್ಸು ಹತ್ತಿದ ಮೇಲೆ ಗೊತ್ತಾಯಿತು, ಚಂದದ ಉಗುರಿನ ಹೆಂಗಸರು ಕೆಲಸ ಯಾಕೆ ಮಾಡುವುದಿಲ್ಲವೆಂದು. ಕಂಡಕ್ಟರ್ ಕೊಟ್ಟ ಚಿಲ್ಲರೆ ಹಿಡಿಯಲಾಗಲಿಲ್ಲ, ನೆಲಕ್ಕೆ ಬಿದ್ದದ್ದನ್ನು ಎತ್ತಲೂ ಆಗಲಿಲ್ಲ. ತಲೆ ಕೆರೆದುಕೊಂಡರೆ ಯಾರೋ ಬೇರೆಯವರು ಕೆರೆದ ಹಾಗೆ. ಕೈಗಳನ್ನು ಮಡಿಲಲ್ಲಿ ಹರಡಿಟ್ಟು, ಪಕ್ಕದವಳು ನೋಡುತ್ತಾಳೋ ಎಂದು ಕಾದಳು. ಪಕ್ಕದವಳು ಗೊರಕೆ ಹೊಡೆಯುತ್ತಿದ್ದಳು.

ಕಾಟ್ಟಿಕುಳದ ಹತ್ತಿರ ಬಸ್ಸು ನಿಂತಿತು. ಬಂದೂಕು ಹಿಡಿದವರು ಎಲ್ಲರನ್ನೂ ಇಳಿಸಿದರು. ಒಬ್ಬ ಮಹಿಳಾ ಪೊಲೀಸ್ ಕಮಲಾವತಿಯ ಮುಂದೆ ಬಂದು, ಮಲಯಾಳದಲ್ಲಿ ಅಕ್ಕಾ ಎಂದು ಕರೆದಳು.

"ಚೇಚಿ, ಕಾರ್ಡ್."

ಚೀಲದ ಜಿಪ್ಪು ಎಳೆಯಲು ಉಗುರು ಬಿಡಲಿಲ್ಲ. ಕೊನೆಗೆ ಪೊಲೀಸಿನವಳೇ ಎಳೆದಳು. ಕಾರ್ಡು ಬಂತು, ಅದರ ಹಿಂದೆ ಬಟ್ಟೆ ಸುತ್ತಿದ ಬೆಳ್ಳಿ ಗಿಂಡಿಯೂ ಬಂತು.

"ಏನು ಕೆಲಸ ನಿಮ್ದು?"

"ಕೃಷಿ. ಶುಂಠಿ."

ಪೊಲೀಸಿನವಳು ಕಾರ್ಡು ನೋಡಿದಳು, ಕೈ ನೋಡಿದಳು. ಆ ಕಡೆ ನಿಂತಿದ್ದ ಇನ್ನೊಬ್ಬ ಪೊಲೀಸಿನವಳನ್ನು ಕರೆದಳು. "ಇವರು ಶುಂಠಿ ಕೀಳ್ತಾರಂತೆ. ಉಗುರು ನೋಡು, ಸಿನಿಮಾದವರ ಥರ. ವೇಷ ಹಾಕ್ಕೊಂಡು ಓಡಾಡೋರನ್ನ ಹಿಡೀರಿ ಅಂತ ಮೇಲಿನವರು ಹೇಳಿದಾರಲ್ಲ. ಚೇಚಿ, ಈ ಕಡೆ ನಿಂತ್ಕೊಳ್ಳಿ."

ನಿಂತಳು. ಬೇರೆ ಬಸ್ಸುಗಳು ಬಂದವು, ಹೋದವು. ಬಿಸಿಲು ಇಳಿಯಿತು. ಯಾರೋ ಸಾಹೇಬರು ಬರಬೇಕಂತೆ. ಕಮಲಾವತಿಯ ತಾಳ್ಮೆ ಮುಗಿಯಿತು. ಬಲಗೈ ಹೆಬ್ಬೆರಳ ಉಗುರನ್ನು ಹಲ್ಲಿನಲ್ಲಿ ಕಚ್ಚಿ ಕಿತ್ತು, ಕೆಳಗಿನ ಸೀಳಿದ ಕಪ್ಪು ಉಗುರನ್ನು ಪೊಲೀಸಿನವಳ ಮೂಗಿಗೇ ಹಿಡಿದಳು.

"ನೋಡು! ಇದು ಕೃಷಿ! ಸಾಕಾ, ಇನ್ನೊಂದು ಕೀಳ್ಲಾ?"

ಪೊಲೀಸಿನವಳು ಬೆಚ್ಚಿ ಹಿಂದೆ ಸರಿದಳು. ಆಮೇಲೆ ನಕ್ಕಳು. "ಹೋಗಿ ಚೇಚಿ, ಹೋಗಿ. ನಮ್ಮಮ್ಮನ ಕೈಯೂ ಹಿಂಗೇ."

ಸಿಕ್ಕಿದ ಬಸ್ಸಿನಲ್ಲಿ ಕೂತು ಕಮಲಾವತಿ ಕಿತ್ತ ಉಗುರಿಗೆ ಅಂಟು ಹಚ್ಚಿದಳು. ಬಸ್ಸು ಗುಂಡಿಗೆ ಬಿತ್ತು, ಟ್ಯೂಬಿನಲ್ಲಿದ್ದಷ್ಟೂ ಅಂಟು ಹೆಬ್ಬೆರಳಿಗೆ ಸುರಿಯಿತು. ಒಳ್ಳೆಯದೇ ಆಯಿತು, ಇನ್ನು ಅಲ್ಲಾಡುವುದಿಲ್ಲ ಎಂದುಕೊಂಡಳು.

ನಾದಿನಿಯ ಮನೆ ಸೇರುವಷ್ಟರಲ್ಲಿ ಕತ್ತಲಾಗಿತ್ತು. ವಿಮಲ ಬಸದಿಯಲ್ಲಿದ್ದಳು. ಅವಳು ಬಂದಾಗ ಕರೆಂಟು ಹೋಯಿತು. "ಬಂದ್ರಾ ಅತ್ತಿಗೆ? ಗಿಂಡಿ ತಂದ್ರಾ?" ಎಂದಷ್ಟೇ ಕೇಳಿ ಮಡಿಯ ನೆಪದಲ್ಲಿ ದೂರದಿಂದಲೇ ಒಳಗೆ ಹೋದಳು. ಹೀಗೆ ಆ ಹತ್ತು ಉಗುರುಗಳ ಸೌಂದರ್ಯವನ್ನು ಲೋಕದಲ್ಲಿ ನೋಡಿದ್ದು ಪೊಲೀಸರು ಮಾತ್ರ.

ಬೆಳಿಗ್ಗೆ ಬಚ್ಚಲಿನಲ್ಲಿ ಬಿಸಿನೀರಿಗೆ ಕೈಯಿಟ್ಟಳು. ಒಂಬತ್ತು ಉಗುರು ವಿಧೇಯವಾಗಿ ಬಿಟ್ಟವು. ಹೆಬ್ಬೆರಳಿನದು ಬಿಡಲಿಲ್ಲ. ಎಳೆದಳು, ಚಮಚದಿಂದ ಮೀಟಿದಳು, ಬೈದಳು. ಹೊರಗೆ ಮಲ್ಲಿಗಮ್ಮನ ದನಿ ಕೇಳುತ್ತಿತ್ತು. ಮಲ್ಲಿಗಮ್ಮ ಪೇಟೆಯ ಜೈನರಿಗೆಲ್ಲ ಹಿರಿಯಳು, ಆಹಾರದ ನಿಯಮಗಳೆಲ್ಲ ಅವಳ ನಾಲಿಗೆಯ ತುದಿಯಲ್ಲಿ. "ಕೂದಲು ಬಿದ್ರೂ ಅಂತರಾಯ, ಉಗುರು ಬಿದ್ರೂ ಅಂತರಾಯ. ಮುನಿ ಮಹಾರಾಜರು ಅಲ್ಲಿಗೇ ಊಟ ಬಿಡ್ತಾರೆ. ಆಮೇಲೆ ನಾಳೆಯೇ. ನೆನಪಿರ್ಲಿ."

ಕಮಲಾವತಿ ಯೋಚಿಸಿದಳು. ಹಿಂದೆ ಸರಿದರೆ ವಿಮಲ ಎರೆಯುತ್ತಾಳೆ. ಪ್ಲಾಸ್ಟಿಕ್ಕಿಗೆ ಜೀವವಿಲ್ಲ, ದೇಹದಿಂದ ಹುಟ್ಟಿದ್ದಲ್ಲ. ನೀರು ಹಿಡಿದಿಡುವ ಕೊಡವೂ ಪ್ಲಾಸ್ಟಿಕ್ಕೇ. ಅಲ್ಲದೆ ಚಮಚಕ್ಕೆ ಬಗ್ಗದ್ದು ಹಾಲಿಗೆ ಬೀಳುತ್ತದೆಯೇ? ಮಡಿಸೀರೆ ಉಟ್ಟು, ಗಿಂಡಿಯನ್ನು ಹೆಬ್ಬೆರಳು ಕಾಣದ ಹಾಗೆ ಹಿಡಿದು ಬಾಗಿಲಿಗೆ ಬಂದು ನಿಂತಳು.

"ಎರೆಯೋದು ನಾನು" ಎಂದಳು ವಿಮಲ.

"ಗಿಂಡಿ ನಂದು. ಬೇಕಾದ್ರೆ ಚೊಂಬಿಂದ ಎರೀ ಹೋಗು."

ಮುನಿಗಳು ಬಂದು ನಿಂತರು. ಎಲ್ಲರೂ ಒಟ್ಟಿಗೆ ಹೇಳಿದರು: "ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧಿ." ಕಾಯಶುದ್ಧಿ ಎನ್ನುವಾಗ ಕಮಲಾವತಿಯ ದನಿಯೇ ಎಲ್ಲರಿಗಿಂತ ಜೋರಾಗಿತ್ತು.

ಮುನಿಗಳು ನಿಂತೇ ಬೊಗಸೆಯೊಡ್ಡಿದರು. ಎರಡು ದಿನದ ಹಸಿವು. ಆದರೂ ಮುಖದಲ್ಲಿ ಅವಸರವಿಲ್ಲ. ಕಮಲಾವತಿ ಗಿಂಡಿ ಬಾಗಿಸಿದಳು. ಬಿಸಿ ಹಾಲಿನ ಹಬೆ ಹೆಬ್ಬೆರಳನ್ನು ಸುತ್ತಿತು. ಒಂದು ಗುಟುಕು ಹೋಯಿತು. ಎರಡನೆಯ ಸಲ ಎರೆದಾಗ, ಚಮಚಕ್ಕೆ ಬಗ್ಗದ ಉಗುರು ಹಾಲಿನ ಧಾರೆಯ ಜೊತೆ ಇಳಿದು ಬೊಗಸೆಯ ನಡುವೆ ದೋಣಿಯ ಹಾಗೆ ತೇಲಿತು.

ಮುನಿಗಳು ಅದನ್ನು ನೋಡಿದರು. ಬೊಗಸೆ ಬಿಟ್ಟರು. ಬಾಯಿ ತೊಳೆದುಕೊಂಡು, ಪಿಂಛಿ ಎತ್ತಿಕೊಂಡು, ಬಂದ ಹಾಗೆಯೇ ಬಸದಿಗೆ ನಡೆದರು.

ಮನೆಯಲ್ಲಿ ಹಾಹಾಕಾರವೆದ್ದಿತು. ಮಲ್ಲಿಗಮ್ಮ ಉಗುರನ್ನು ಬಾಳೆಲೆಯ ತುಂಡಿನಲ್ಲಿ ಹಿಡಿದು ಬೆಳಕಿಗೆ ಎತ್ತಿದಳು. ತಿಳಿಗುಲಾಬಿ, ನುಣುಪು, ಬಾದಾಮಿಯ ಆಕಾರ. ಎಲ್ಲರ ಕಣ್ಣೂ ವಿಮಲಳ ಕೈಗೆ ಹೋಯಿತು.

"ನಂದು ಹತ್ತೂ ಇದಾವೆ, ನೋಡಿ!" ವಿಮಲ ಕೈ ಚಾಚಿದಳು. "ಎರೆದದ್ದು ಅತ್ತಿಗೆ. ಅವರದ್ದು ನೋಡಿ!"

ಮಲ್ಲಿಗಮ್ಮ ಕಮಲಾವತಿಯ ಕೈಗಳನ್ನು ಹಿಡಿದು ತಿರುಗಿಸಿ ನೋಡಿದಳು. ಹತ್ತೂ ಕಪ್ಪು, ಹತ್ತೂ ಸೀಳು. "ಈ ಪುಣ್ಯಾತ್ಗಿತ್ತಿಯದು ಉಂಟಾ? ದುಡಿದ ಕೈ ಇದು. ಇದರಲ್ಲಿ ಬೀಳೋದಕ್ಕೆ ಉಗುರಾದ್ರೂ ಎಲ್ಲಿದೆ?"

ಇಷ್ಟು ದಿನ ಸೆರಗಿನಲ್ಲಿ ಮುಚ್ಚಿಕೊಂಡ ಕೈಗಳು ಅವಳನ್ನು ಕಾಪಾಡಿಬಿಟ್ಟಿದ್ದವು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಕಮಲಾವತಿ ಮುಚ್ಚಿಕೊಂಡೇ ಇದ್ದಳು. ಆದರೆ ವಿಮಲ ಅಳುತ್ತ ಅಂದಳು: "ಅದೇನೋ ಸರಿ. ಆ ಕೈಗೆ ಇಂಥ ಉಗುರು ಏಳೇಳು ಜನ್ಮಕ್ಕೂ ಬರಲ್ಲ. ಗೊಬ್ಬರ ಬಾಚೋ ಕೈ!"

"ನಂದೇ ಅದು!" ಎಂದು ಕಮಲಾವತಿ ಕಿರುಚಿದಳು. "ನಂದೇ ಉಗುರು! ಇನ್ನೂ ಒಂಬತ್ತು ಚೀಲದಲ್ಲಿವೆ, ನಿನ್ನವಕ್ಕಿಂತ ಚೆನ್ನಾಗಿವೆ, ತಂದು ತೋರಿಸ್ಲಾ?"

ತಾನು ಏನೆಂದೆನೆಂದು ಆಗ ಅವಳಿಗೆ ತಿಳಿಯಿತು.

ವಿಮಲಳ ಗಂಡ ಅನಂತರಾಜನಿಗೆ ಒಂದು ಆಸೆ ಚಿಗುರಿತು. "ಪ್ಲಾಸ್ಟಿಕ್ ಅಂದ್ರೆ ಉಗುರೇ ಅಲ್ವಲ್ಲ. ಹಾಗಾದ್ರೆ ಅಂತರಾಯ ಆಗಿಲ್ಲ. ಮಹಾರಾಜರನ್ನ ವಾಪಸ್ ಕರೀಬಹುದಾ?"

"ಊಟ ಬಿಟ್ಟವರು ಸುಮ್ನೆ ಹೋದ್ರು, ಬೆಳಿಗ್ಗೆ ಇಡ್ಲಿ ತಿಂದ ನೀನು ವಾದ ಮಾಡು" ಎಂದಳು ಮಲ್ಲಿಗಮ್ಮ.

ಮಧ್ಯಾಹ್ನ ಕಮಲಾವತಿ ಬಸದಿಗೆ ಹೋಗಿ ಮುನಿಗಳ ಮುಂದೆ ಎಲ್ಲವನ್ನೂ ಹೇಳಿದಳು. ಅವರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ತಿರುಗಿ ಏನಾದರೂ ಹೇಳಲು ಬರುತ್ತಿತ್ತು. ಎರಡು ದಿನ ಉಪವಾಸ, ಮತ್ತು ತಮ್ಮ ಈ ನಡಿಗೆಯ ವಿಹಾರ ಮುಗಿಯುವವರೆಗೆ ಆಹಾರದ ಪಾತ್ರೆ ಮುಟ್ಟಬಾರದು ಎಂದರು. ಇನ್ನೊಮ್ಮೆ ಮುನಿಗಳು ಈ ಕಾಡು ದಾಟಿ ಬರುವುದು ಯಾವ ಕಾಲಕ್ಕೋ. ಅವಳು ಅಡ್ಡಬಿದ್ದು ಹೊರಬಂದಳು.

ಅತ್ತ ಮಲ್ಲಿಗಮ್ಮ ಹೊಸ ಕಟ್ಟಳೆ ಹಾಕಿದ್ದಳು. ನಾಳೆ ಎರೆಯುವವರು, ಬಡಿಸುವವರು, ಯಾರೇ ಇರಲಿ, ಉಗುರು ನಿಜದ್ದೋ ಸುಳ್ಳಿನದೋ ಎಂದು ವಿಚಾರಿಸುವಂತಿಲ್ಲ. ಉಗುರು ಬುಡಕ್ಕೆ ಕತ್ತರಿಸಿರಬೇಕು.

ಸಂಜೆ ಜಗಲಿಯಲ್ಲಿ ವಿಮಲ ನೈಲ್‌ಕಟರ್ ಹಿಡಿದು ಕೂತಿದ್ದಳು. ಬಲಗೈಯಿಂದ ಎಡಗೈಯದನ್ನು ಹೇಗೋ ಕತ್ತರಿಸಿದ್ದಳು. ಐದು ಬಾದಾಮಿಗಳು ಕಾಗದದ ಮೇಲೆ ಬಿದ್ದಿದ್ದವು. ಕಣ್ಣು ಕೆಂಪಗಿತ್ತು. ಕಮಲಾವತಿಯನ್ನು ಕಂಡು ಮುಖ ತಿರುಗಿಸಿದಳು. ಆಮೇಲೆ ಬಲಗೈ ಚಾಚಿದಳು.

"ಅತ್ತಿಗೆ, ಎಡಗೈಲಿ ಬರ್ತಿಲ್ಲ. ನೀವೇ ಕತ್ತರಿಸಿ."

ಕಮಲಾವತಿ ಹತ್ತಿರ ಕೂತು, ಆ ಮೆತ್ತನೆಯ ಕೈಯನ್ನು ತನ್ನ ಒರಟು ಕೈಯಲ್ಲಿ ಹಿಡಿದು, ಕಿರುಬೆರಳಿನಿಂದ ಶುರು ಮಾಡಿದಳು. ಅವಸರ ಮಾಡಲಿಲ್ಲ. ಪ್ರತಿಯೊಂದನ್ನೂ ಬುಡಕ್ಕೆ, ಚೊಕ್ಕವಾಗಿ ಕತ್ತರಿಸಿದಳು. ಹೆಬ್ಬೆರಳನ್ನು ಕಡೆಗೆ ಉಳಿಸಿಕೊಂಡಿದ್ದಳು. ಆ ಕೆಲಸದಲ್ಲಿ ಅವಳಿಗೆ ಸಿಕ್ಕ ಸಂತೋಷಕ್ಕೆ ಮತ್ತೆ ಬಸದಿಗೆ ಹೋಗಿ ಬೇರೆ ಪ್ರಾಯಶ್ಚಿತ್ತ ಕೇಳಬೇಕಿತ್ತು. ಹೋಗಲಿಲ್ಲ. ಉಪವಾಸ ಹೇಗೂ ಇತ್ತು, ಅದರಲ್ಲೇ ಸೇರಿಸಿಕೊಂಡಳು.