ಒರೆಸುವುದಕ್ಕೆ ಕೇಸಿಲ್ಲ

ನಾನೊಂದು ಜೋಡುನಳಿಗೆಯ ಬಂದೂಕು. ಕಾರ್ಖಾನೆಯ ಬೆಂಕಿಯಲ್ಲಿ ಹುಟ್ಟಿದವನು. ನನ್ನ ಮರದ ಹಿಡಿಕೆಯನ್ನು ಉಜ್ಜಿ ಉಜ್ಜಿ ನುಣುಪು ಮಾಡಿದ ಬಡಗಿಗೆ ನಾನು ಯಾರ ಮನೆ ಸೇರುತ್ತೇನೆಂದು ತಿಳಿದಿರಲಿಲ್ಲ. ತಿಳಿಯದಿದ್ದುದೇ ಅವನ ಪುಣ್ಯ.

ಮೊದಲ ಒಡೆಯ ರಾಯಗೊಂಡಪ್ಪ, ಕೃಷ್ಣಾ ತೀರದ ಕಬ್ಬಿನ ಹೊಲದವನು. ಹಂದಿ ಬಂದರೆ ಆಕಾಶಕ್ಕೆ ಗುರಿಯಿಟ್ಟು ಹೊಡೆಯುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಒಂದು ಹಂದಿಯೂ ಸಾಯಲಿಲ್ಲ. ನನ್ನ ಬಾಳಿನಲ್ಲಿ ಹೇಳಿಕೊಳ್ಳುವಂಥ ಕಾಲವೆಂದರೆ ಅದೊಂದೇ.

ಅವನು ತೀರಿಕೊಂಡ ಮೇಲೆ ಸಿದ್ದಗೊಂಡ ನನ್ನನ್ನು ಕೊಂಡ. ಸೈನ್ಯದಿಂದ ಬಂದವನು. ಸ್ವಂತ ಬಂದೂಕು ಇದ್ದವರಿಗೆ ಬ್ಯಾಂಕಿನ ಬಾಗಿಲು ಕಾಯುವ ಕೆಲಸ ಸಿಗುತ್ತಿತ್ತು, ಅವನಿಗೂ ಸಿಕ್ಕಿತು. ಬಂದವರೆಲ್ಲ ಬಾಗಿ ನಮಸ್ಕಾರ ಮಾಡುತ್ತಿದ್ದರು. ಅವರು ಮಾಡುತ್ತಿದ್ದುದು ನನಗೆ, ಅವನು ತನಗೆಂದುಕೊಂಡ. ಕೆಲಸ ಮುಗಿದ ದಿನ ಖಾಕಿ ಅಂಗಿಯನ್ನು ವಾಪಸು ಕೊಟ್ಟ, ನನ್ನನ್ನು ಮಾತ್ರ ಮನೆಗೆ ತಂದು ಮಂಚದ ಮೇಲಿನ ಮೊಳೆಗೆ ತೂಗುಹಾಕಿದ. ಈಗ ನಮಸ್ಕಾರ ಮಾಡಲು ಮನೆಯಲ್ಲಿದ್ದವಳು ಹೆಂಡತಿ ಕಸ್ತೂರವ್ವ ಒಬ್ಬಳೇ.

ಅವನು ಅವಳನ್ನು ಒಂದು ದಿನವೂ ಹೊಡೆಯಲಿಲ್ಲ. 'ಸಿದ್ದಗೊಂಡ ಭಾಳ ಶಾಂತ ಮನಷ್ಯಾ' ಎಂದು ಓಣಿಯೆಲ್ಲ ಹೊಗಳುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ, ಅವಳು ತವರಿಗೆ ಫೋನು ಮಾಡಿದರೆ, ಸುಮ್ಮನೆ ಎದ್ದು ನನ್ನನ್ನು ಕೆಳಗಿಳಿಸಿ, ಅವಳನ್ನೇ ನೋಡುತ್ತ ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದ. ಅಷ್ಟೇ. ಅವಳು ತಟ್ಟುತ್ತಿದ್ದ ರೊಟ್ಟಿ ಹರಿದುಹೋಗುತ್ತಿತ್ತು. ಆಯುಧಗಳನ್ನು ಪೂಜಿಸುವ ಖಂಡೆಪೂಜೆಯ ದಿನ ಅವಳೇ ನನಗೆ ಕುಂಕುಮ ಹಚ್ಚಬೇಕು. ನನ್ನ ನಳಿಗೆಯ ಬಾಯಿ ತನ್ನತ್ತ ಬಾರದಂತೆ ಪಕ್ಕಕ್ಕೆ ನಿಂತು ಹಚ್ಚುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು.

ಆಮೇಲೆ ಚುನಾವಣೆ ಬಂತು. ಚುನಾವಣೆ ಬಂದರೆ ಊರಿನ ಬಂದೂಕುಗಳೆಲ್ಲ ಪೊಲೀಸ್ ಠಾಣೆಗೆ ಹೋಗಿ ಕೂರಬೇಕು. ಎರಡು ತಿಂಗಳು ನಾನು ಅಲ್ಲಿದ್ದೆ. ಮತ ಎಣಿಕೆಯಾದ ಮರುದಿನ ಬೆಳಿಗ್ಗೆ ಕಸ್ತೂರವ್ವ ಠಾಣೆಗೆ ಬಂದಳು. ಮುಖ ತುಂಬಿಕೊಂಡಿತ್ತು, ಚೆನ್ನಾಗಿ ನಿದ್ದೆ ಮಾಡಿದವರ ಮುಖ. ಹೆಡ್ ಕಾನ್‌ಸ್ಟೆಬಲ್ ದುಂಡಪ್ಪನ ಮುಂದೆ ಕೈಮುಗಿದು ನಿಂತಳು.

"ಸಾಹೇಬ್ರ, ನಮ್ಮನಿಯವರ ಬಂದೂಕ ತಿರುಗಿ ಕೊಡಬ್ಯಾಡ್ರಿ. ಇಲ್ಲೇ ಇರ್ಲಿ."

"ಯಾಕವ್ವಾ, ಹೊಡದಾನೇನು?"

"ಇಲ್ರಿ. ಒರಸ್ತಾನ್ರಿ. ನನ್ನ ನೋಡಕೋತ ಒರಸ್ತಾನ."

ದುಂಡಪ್ಪ ನಕ್ಕುಬಿಟ್ಟ. "ಒರಸೂದಕ್ಕ ಕೇಸ್ ಹಾಕಾಕ ಬರೂದಿಲ್ಲವ್ವಾ. ಗಂಡ ಹೆಂಡ್ರ ಜಗಳ ಉಂಡು ಮಲಗೂತನಕ. ಮನಿಗಿ ನಡಿ."

ಒಂದಕ್ಷರವನ್ನೂ ಅವನು ಬರೆದುಕೊಳ್ಳಲಿಲ್ಲ. ಕೆಟ್ಟವನೇನಲ್ಲ, ತಮಾಷೆಯ ಮನುಷ್ಯ. ಮಧ್ಯಾಹ್ನ ಸಿದ್ದಗೊಂಡ ರಸೀದಿ ಹಿಡಿದು ಬಂದಾಗ ನನ್ನನ್ನು ಅವನ ಕೈಗಿಡುತ್ತ ಅದೇ ತಮಾಷೆಯಲ್ಲಿ ಅಂದ: "ನಿಮ್ಮಾಕಿ ಬಂದಿದ್ಲೋ ಮಾರಾಯಾ, ಬಂದೂಕ ಕೊಡಬ್ಯಾಡ್ರಿ ಅಂತ. ಏನ್ ಹೆದರಿಸಿಟ್ಟೀಯಪಾ!"

ಸಿದ್ದಗೊಂಡನೂ ನಕ್ಕ. ನನ್ನನ್ನು ಹಿಡಿದಿದ್ದ ಕೈ ಮಾತ್ರ ನಗಲಿಲ್ಲ.

ನಾವು ಮನೆಗೆ ಬಂದಾಗ ಕಸ್ತೂರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಠಾಣೆಕ್ಕ ಹೋಗಿದ್ದೇನು?"

ಅವಳು ಮೊರ ಕೆಳಗಿಟ್ಟಳು. ಸುಳ್ಳು ಹೇಳಬಹುದಿತ್ತು. "ಹೋಗಿದ್ದೆ," ಅಂದಳು.

ನನ್ನ ಕುದುರೆ ಎಳೆದವನು ಅವನು, ನಿಜ. ಗುಂಡು ಹೊರಟದ್ದು ನನ್ನಿಂದ. ಇದರಲ್ಲಿ ನಾನು ತೊಳೆದುಕೊಳ್ಳುವುದಕ್ಕೇನೂ ಇಲ್ಲ.

ಈಗ ಕೇಸಿನ ವಸ್ತುಗಳನ್ನು ಇಡುವ ಕೋರ್ಟಿನ ಮಾಲುಖಾನೆಯಲ್ಲಿದ್ದೇನೆ. ಮೈಗೆಲ್ಲ ತುಕ್ಕು, ಕೊರಳಿಗೊಂದು ಚೀಟಿ. ಪಕ್ಕದಲ್ಲಿ ಕಳ್ಳಸಾಗಣೆಯಲ್ಲಿ ಸಿಕ್ಕ ಪರದೇಶದ ಪಿಸ್ತೂಲೊಂದಿದೆ. ಅದೂ ಸಮುದ್ರದಾಚೆ ಒಂದು ಮನೆಯ ಮೇಜಿನ ಡ್ರಾಯರಿನಲ್ಲಿತ್ತಂತೆ. ಆ ಮನೆಯ ಹೆಂಗಸೂ ಪೊಲೀಸರಿಗೆ ಫೋನು ಮಾಡಿದ್ದಳಂತೆ. ಅವರೂ ಮೊದಲು ಕೇಳಿದ್ದು, ಹೊಡೆದನೇ ಎಂದೇ. ದೇಶ ಬೇರೆ, ಭಾಷೆ ಬೇರೆ. ನಾವಿಬ್ಬರೂ ಬಂದು ಸೇರಿದ್ದು ಒಂದೇ ಕಪಾಟಿಗೆ.

ವಿಚಾರಣೆಯ ದಿನ ನನ್ನನ್ನು ನ್ಯಾಯಾಧೀಶರ ಮುಂದಿನ ಮೇಜಿನ ಮೇಲೆ ಮಲಗಿಸಿದ್ದರು. ಒರೆಸುವಾಗ ಕೈತಪ್ಪಿ ಹಾರಿತು ಎಂದು ಸಿದ್ದಗೊಂಡನ ಕಡೆಯವರು ವಾದಿಸಿದರು. ಅವನ ವಕೀಲರು ಸಾಕ್ಷಿಗೆ ಬಂದಿದ್ದ ದುಂಡಪ್ಪನನ್ನು ಕೇಳಿದರು: "ಮೃತಳು ಯಾವತ್ತಾದರೂ ದೂರು ಕೊಟ್ಟಿದ್ದಳೇ?"

ದುಂಡಪ್ಪ ನನ್ನ ಕಡೆ ನೋಡಲಿಲ್ಲ. "ಇಲ್ರಿ. ದಾಖಲೆದಾಗ ಏನೂ ಇಲ್ರಿ."

ಆ ಬೆಳಿಗ್ಗೆ ಅವಳು ಬಂದಿದ್ದಳು, ಕೈಮುಗಿದು ಕೇಳಿದ್ದಳು. ದುಂಡಪ್ಪನನ್ನು ಬಿಟ್ಟರೆ ಅದನ್ನು ಕೇಳಿಸಿಕೊಂಡವನು ನಾನೊಬ್ಬನೇ. ಆದರೆ ನನಗೆ ಬರುವುದು ಒಂದೇ ಮಾತು. ಅದನ್ನು ನಾನು ಅವಳಿಗೇ ಆಡಿ ಮುಗಿಸಿದ್ದೆ.