ಪರದೆಯ ಮೇಲಿನ ಬಿಳಿಗೂದಲು

ದರ್ಜಿಯಮ್ಮನಿಗೆ ಬೇಕಾಗಿದ್ದದ್ದು ಒಂದೇ ಒಂದು ಸಾಲು. ನೂಲಿನ ಗಿರಣಿಗೆ ಬೆಂಕಿ ಬಿದ್ದು ನಲವತ್ತು ವರ್ಷವಾಯಿತೆಂದು, ಸತ್ತವರ ಹೆಸರನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಅಪ್ಪನ ಹೆಸರೂ ಅಲ್ಲಿರಬೇಕಾದರೆ ಅಂದಿನ ಪತ್ರಿಕೆಯ ಪ್ರತಿ ತರಬೇಕಿತ್ತು. ತಾನು ಏಳು ತಿಂಗಳ ಕೂಸಾಗಿದ್ದಾಗ ಆ ಬೆಂಕಿ ಅಪ್ಪನನ್ನು ನುಂಗಿತೆಂದು ಕೇಳಿಕೊಂಡೇ ಅವಳು ಬೆಳೆದದ್ದು.

"ಹಳೇದನ್ನೆಲ್ಲ ಯಾಕೆ ಕೆದಕ್ತೀಯೆ? ಪಟ್ಟೀಲಿ ಸಿಗಲ್ಲ ಬಿಡು," ಎಂದು ಅಮ್ಮ ಬೆಳಿಗ್ಗೆಯೇ ಗೊಣಗಿದ್ದಳು. ಅಕ್ಷರವೇ ಬಾರದ ಅಮ್ಮನಿಗೆ ಪತ್ರಿಕೆಯ ವಿಷಯ ಏನು ಗೊತ್ತು? ಮಗಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಗ್ರಂಥಾಲಯದಲ್ಲಿ ಗ್ರಂಥಪಾಲಕರು ಹಳೆಯ ಪತ್ರಿಕೆಗಳನ್ನು ಚಿಕ್ಕದಾಗಿ ಚಿತ್ರ ತೆಗೆದಿಟ್ಟ ಮೈಕ್ರೋಫಿಲ್ಮ್ ಸುರುಳಿಯನ್ನು ಯಂತ್ರಕ್ಕೆ ಸಿಕ್ಕಿಸಿ, ದೀಪ ಹಾಕಿ, ಹಿಡಿಕೆ ತೋರಿಸಿದರು. ಪರದೆಯ ಮೇಲೆ ಕಪ್ಪು ಹಾಳೆ, ಬಿಳಿ ಅಕ್ಷರ. ಅವಳ ಕೊರಳಲ್ಲೇ ಉಳಿದಿದ್ದ ಅಳತೆಯ ಟೇಪು ನೋಡಿ ನಕ್ಕರು. "ಮೆಲ್ಲಗೆ ತಿರುಗಿಸಮ್ಮಾ. ಇದು ಹೊಲಿಗೆ ಮಷಿನ್ ಅಲ್ಲ."

ಪಟ್ಟಿ ಸಿಕ್ಕಿತು. ಹನ್ನೊಂದು ಹೆಸರು. ಮೂರು ಸಲ ಓದಿದಳು, ಅಪ್ಪನದಿಲ್ಲ. ಆಮೇಲೆ ಆಸ್ಪತ್ರೆಯಲ್ಲಿ ಸತ್ತಿರಬಹುದೆಂದು ಮುಂದಕ್ಕೆ ತಿರುಗಿಸಿದಳು. ಇಪ್ಪತ್ತು ವರ್ಷ ಮಷಿನಿನ ಚಕ್ರ ತಿರುಗಿಸಿದ ಕೈ, ಹೇಳಿದ ಮಾತು ಕೇಳೀತೇ? ಮೂರು ವಾರ ಸರ್ರನೆ ಓಡಿಹೋಗಿ ಒಂದು ಭಾನುವಾರದ ಪುಟ ಬಂದು ನಿಂತಿತು.

ಅಲ್ಲಿ ಅಮ್ಮ ಕೂತಿದ್ದಳು. ಬೆಳಿಗ್ಗೆ ಬಾಗಿಲಲ್ಲಿ ಬಿಟ್ಟು ಬಂದ ಅದೇ ಬಿಳಿಗೂದಲಿನ ಅಮ್ಮ. ತೊಡೆಯ ಮೇಲೆ ಒಂದು ಕೂಸು.

"ಇದೇನ್ರೀ ಇದು!" ಎಂದು ಕೂಗಿಯೇಬಿಟ್ಟಳು.

"ಗಾಬರಿಯಾಗ್ಬೇಡಮ್ಮಾ, ನೆಗೆಟಿವ್ ಅದು, ಕಪ್ಪು ಬಿಳಿಯಾಗಿ ಕಾಣುತ್ತೆ," ಎನ್ನುತ್ತ ಗ್ರಂಥಪಾಲಕರು ಬಂದು ಗುಂಡಿ ಒತ್ತಿದರು. ಬಿಳಿ ಕಪ್ಪಾಯಿತು, ಅಮ್ಮ ಇಪ್ಪತ್ತರ ಹುಡುಗಿಯಾದಳು. ಕೆಳಗೆ ನಾಲ್ಕು ಸಾಲು: 'ನನ್ನ ಹೆಂಡತಿ ಏಳು ತಿಂಗಳ ಮಗಳೊಂದಿಗೆ ಮನೆ ಬಿಟ್ಟು ಹೋಗಿದ್ದಾಳೆ. ಮಗುವಿನ ಎಡಗೈಯಲ್ಲಿ ಆರು ಬೆರಳು. ಕಂಡವರು ತಿಳಿಸಿ. ತಪ್ಪು ನನ್ನದೇ, ಬಂದುಬಿಡು.' ಅದರಡಿ ಅಪ್ಪನ ಹೆಸರು.

ಬೆಂಕಿ ಬಿದ್ದು ಮೂರು ವಾರವಾದ ಮೇಲೆ! ನಲವತ್ತು ವರ್ಷ ಅಮ್ಮ ಸತ್ಯದ ತಲೆ ಮೇಲೆ ಹೊಡೆದ ಹಾಗೆ ಸುಳ್ಳು ಹೇಳಿದ್ದಳು. ದರ್ಜಿಯಮ್ಮ ಗರಬಡಿದವಳಂತೆ ತನ್ನ ಎಡಗೈಯನ್ನೇ ನೋಡುತ್ತ ಕೂತಳು.

ಆಮೇಲೆ ಮುಂದಿನ ಭಾನುವಾರಕ್ಕೆ ತಿರುಗಿಸಿದಳು. ಅಲ್ಲೂ ಅದೇ. ಅದರ ಮುಂದಿನದರಲ್ಲೂ ಅದೇ. ಸುರುಳಿ ಮುಗಿದಾಗಲೆಲ್ಲ ಇನ್ನೊಂದು ಹಾಕಿಸಿದಳು. ಚಿತ್ರ ಹೋಯಿತು, ನಾಲ್ಕು ಸಾಲು ಎರಡಾಯಿತು, ಭಾನುವಾರ ಮಾತ್ರ ತಪ್ಪಲಿಲ್ಲ. ಆರನೇ ವರ್ಷ ಪತ್ರಿಕೆಯೇ ನಿಂತುಹೋಗಿತ್ತು. ಅದರ ಕೊನೆಯ ಸಂಚಿಕೆಯಲ್ಲೂ ಆ ಎರಡು ಸಾಲು ಇತ್ತು.

ಹೊರಗೆ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನ್ ಮಾಡಿದಳು.

"ಅಪ್ಪನ ಹೆಸರು ಸಿಕ್ತಮ್ಮ. ಸತ್ತವರ ಪಟ್ಟೀಲಲ್ಲ."

ಕೊರಳ ಟೇಪನ್ನು ಎಡಗೈಗೆ ಸುತ್ತಿಕೊಳ್ಳುತ್ತ ಅವಳೇ ಮುಂದುವರಿಸಿದಳು.

"ಆರು ವರ್ಷ, ಪ್ರತಿ ಭಾನುವಾರ, ನಮ್ಮನ್ನ ಹುಡುಕಿ ಪೇಪರಲ್ಲಿ ಹಾಕ್ಸಿದಾರೆ."

ಬೈಯಬೇಕೆಂದು ನಾಲಗೆ ತುದಿಯಲ್ಲಿಟ್ಟುಕೊಂಡಿದ್ದ ಮಾತು ಅಲ್ಲೇ ಉಳಿಯಿತು. ಅಷ್ಟರಲ್ಲಿ ಅಮ್ಮ ಸಣ್ಣ ದನಿಯಲ್ಲಿ ಕೇಳಿದ್ದಳು:

"ಹುಡುಕಿದ್ರಾ? ಹೋದ್ರೆ ಹೋಗು, ನಿನ್ನ ಹಿಂದೆ ಯಾರೂ ಬರಲ್ಲ ಅಂತ ನಿಮ್ಮಪ್ಪನೇ ಅಂದಿದ್ರಲ್ಲೇ..."