ಕೆ. ಬೊಳ್ಳಪ್ಪ

ಕೊಡಗು ಮೈಸೂರಿಗೆ ಸೇರಿದ ಮರುವರ್ಷ ಮಡಿಕೇರಿಯ ನಮ್ಮ ದಾಖಲೆ ಕೋಣೆಗೆ ಹೊಸ ನಮೂನೆಯ ಪುಸ್ತಕಗಳು ಬಂದವು. ಯಾವ ಗದ್ದೆ ಯಾರದೆಂದು ಮೂರು ಪ್ರತಿ ಬರೆಯಬೇಕು. ಒಂದು ಊರಿನ ಶಾನುಭೋಗರಿಗೆ, ಒಂದು ತಾಲೂಕು ಕಚೇರಿಗೆ, ಒಂದು ನಮಗೆ. ಒಂದು ಸುಟ್ಟು ಇನ್ನೊಂದು ನೆನೆದರೂ ಮೂರನೆಯದು ಉಳಿಯಲಿ ಎಂದು.

ಬರೆದ ಗುಮಾಸ್ತ ನಾನೇ, ತಿರುಮಲೇಶ್ವರ. ಆರು ತಿಂಗಳಲ್ಲಿ ಬೆರಳು ಮರಗಟ್ಟಿತು. ಹೆಸರಿನ ಅಂಕಣ ಎರಡು ಬೆರಳಗಲ, ಇಲ್ಲಿನವರ ಮನೆಹೆಸರು ಅದರಲ್ಲಿ ಎಲ್ಲಿ ಹಿಡಿಯಬೇಕು? ಮೊದಲಕ್ಷರ ಸಾಕೆಂದುಕೊಂಡೆ. ಉಳಿದೆರಡು ಪ್ರತಿಗಳನ್ನು ಹಳೆಯ ಪುಸ್ತಕ ಬಿಚ್ಚದೆ ಮೊದಲ ಪ್ರತಿ ನೋಡಿಯೇ ಇಳಿಸಿದೆ. ಹಳೆಯವನ್ನು ಸುಡಿಸಲು ಸಹಿಯನ್ನೂ ಹಾಕಿದೆ. ಸಾಕಾಗಿತ್ತು.

ಆಷಾಢದ ಒಂದು ಮಧ್ಯಾಹ್ನ ನೀಲಾವತಿ ಎಂಬಾಕೆ ಬಂದು ಮೇಜಿನ ಮೇಲೆ ನೋಟೀಸು ಇಟ್ಟಳು. ಕೆ. ಬೊಳ್ಳಪ್ಪ ವಾರಸುದಾರರಿಲ್ಲದೆ ಸತ್ತಿದ್ದಾನೆ, ಅವನ ಗದ್ದೆಗಳು ಸೋಮವಾರದಿಂದ ಸರ್ಕಾರದವು.

"ನನ್ನ ಗಂಡ ಸತ್ತಿಲ್ಲೆ ಸ್ವಾಮಿ. ಸತ್ತದ್ದು ಕುಂಬಳಗೇರಿ ಬೊಳ್ಳಪ್ಪ. ನಮ್ಮದು ಕಾನಡ್ಕ. ಸಸಿ ಕಿತ್ತಾಯ್ತು, ನಾಟಿಗೆ ಗದ್ದೆಗೆ ಇಳೀಬೇಡಿ ಅಂತಾರೆ."

"ನಿಮ್ಮ ಯಜಮಾನರನ್ನೇ ತಾಲೂಕು ಕಚೇರಿಗೆ ಕರೆದೊಯ್ಯಿರಿ."

"ಹೋಗಿ ನಿಂತಾಯ್ತು. ಬೊಳ್ಳಪ್ಪ ಇದ್ದಾನೆ ಸರಿ, ಗದ್ದೆ ಅವನದ್ದೇ ಅಂತ ಎಂತ ಗ್ಯಾರಂಟಿ ಅಂದ್ರು. ಪುಸ್ತಕ ಹೇಳ್ಬೇಕಂತೆ."

ನಮ್ಮ ಪುಸ್ತಕ ತೆರೆದೆ. ಎರಡೂ ಮನೆಯ ಗದ್ದೆಗಳು ಒಂದೇ ಹೆಸರಿನಲ್ಲಿದ್ದವು: ಕೆ. ಬೊಳ್ಳಪ್ಪ. ಉಳಿದೆರಡು ಪ್ರತಿಗಳಲ್ಲೂ ಅದೇ ಇರುತ್ತದೆ, ಬರೆದ ಕೈ ಒಂದೇ. ಮೂರು ಕಡೆ ಜೋಪಾನವಾಗಿದ್ದದ್ದು ನನ್ನ ಸೋಮಾರಿತನ.

ಜವಾನ ಕುಟ್ಟಪ್ಪ ಬಾಗಿಲಲ್ಲಿ ಕೆಮ್ಮಿದ. "ಬಯ್ಯಬೇಡಿ ಸ್ವಾಮಿ. ಹಳೇದನ್ನ ನಾನು ಸುಟ್ಟಿಲ್ಲ. ಮಳೆಗೆ ಬೆಂಕಿ ಹಿಡೀಲಿಲ್ಲ. ಹೊಸ ಪುಸ್ತಕಕ್ಕೆ ಶೀತ ತಾಗದ ಹಾಗೆ ಅಡಿಗೆ ಹಾಸಿದ್ದೇನೆ."

ಇಬ್ಬರೂ ಕಪಾಟಿನ ಅಡಿಯಿಂದ ಕಟ್ಟುಗಳನ್ನು ಎಳೆದೆವು. ಬೇಕಾದ ಹಾಳೆಯ ಅಂಚನ್ನು ಗೆದ್ದಲು ತಿಂದಿತ್ತು. ಗದ್ದೆಯ ನಂಬರು ಉಳಿದಿತ್ತು. ಅಂಚಿಗಿದ್ದ ಹೆಸರಿನ ಮೊದಲ ಎರಡಕ್ಷರ ಹೋಗಿ, "ಡ್ಕ ಬೊಳ್ಳಪ್ಪ" ಎಂದಿತ್ತು. ಕುಂಬಳಗೇರಿಯಲ್ಲಿ ಡ್ಕ ಇಲ್ಲ.

ಓದಿ ಹೇಳಿದೆ. ನೀಲಾವತಿ ಕಣ್ಣೊರೆಸಿಕೊಂಡು ನನಗೆ ಕೈಮುಗಿದಳು. ಅದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

"ನನಗೆ ಮುಗೀಬೇಡಿ ಅಮ್ಮ. ನಿಮ್ಮ ಯಜಮಾನರನ್ನ ಸಾಯಿಸಿದ್ದು ನಾನೇ."

ಆಕೆ ನನ್ನ ಲೇಖನಿಯನ್ನು ನನ್ನ ಕಡೆಗೆ ದೂಡಿದಳು.

"ಹಾಗಾದ್ರೆ ನೀವೇ ಬದುಕಿಸಿ. ಪೂರ್ತಿ ಹೆಸರು ಬರೀರಿ."